ಇಳಿಯುವವರಿಗೆ ಗಂಜಿ

ಡೀಸೆಲ್ ವಾಸನೆ ಬಂದರೆ ನನಗೆ ಗಂಜಿ ಉಣ್ಣಬೇಕೆನಿಸುತ್ತದೆ. ನೀವು ನಗಬಹುದು, ನನ್ನ ಗಂಡನೂ ನಗುತ್ತಾರೆ. ಇವತ್ತು ಬೆಳಿಗ್ಗೆ ದೇರಾದಿಂದ ಬರ್‌ದುಬೈ ಕಡೆಗೆ ಹೋಗುವ ಅಬ್ರಾ ದೋಣಿಯಲ್ಲಿ ಕೂತಿದ್ದೆ. ಇಂಜಿನ್ ಒಮ್ಮೆ ಕೆಮ್ಮಿ ಹೊಗೆ ಬಿಟ್ಟದ್ದೇ ತಡ, ಕುಚ್ಚಲಕ್ಕಿ ಗಂಜಿ, ಅದರ ಮೇಲೊಂದು ಚೂರು ಮಾವಿನ ಉಪ್ಪಿನಕಾಯಿ ಕಣ್ಣ ಮುಂದೆ ಬಂತು. ಪಕ್ಕದ ಪ್ರವಾಸಿಗಳು ಹಕ್ಕಿಗಳ ಫೋಟೋ ತೆಗೆಯುತ್ತಿದ್ದರೆ ನಾನು ಬಾಯಲ್ಲಿ ಬಂದ ನೀರು ನುಂಗುತ್ತಿದ್ದೆ. ಅಲ್ ಕುಸೈಸ್‌ನ ನಮ್ಮ ಮನೆಯಿಂದ ಊದ್ ಮೇಥಾದ ಇಗರ್ಜಿಗೆ ಮೆಟ್ರೋ ನೇರವಾಗಿಯೇ ಹೋಗುತ್ತದೆ, ದುಬೈಯನ್ನು ಸೀಳುವ ಕಡಲ ಚಾಚು ಕ್ರೀಕಿನ ಅಡಿಯಿಂದ ಹಾದು. ಆದರೂ ನಡುವೆ ಇಳಿದು, ದೋಣಿ ಹತ್ತಿ, ಆಚೆ ದಡದಲ್ಲಿ ಮತ್ತೆ ಮೆಟ್ರೋ ಹಿಡಿಯುವ ಸುತ್ತುದಾರಿ ಹಿಡಿದಿದ್ದೆ. ಹೊರಟದ್ದು ಜೋಕಿಂ ಪೊರ್ಬುಗಳ ಕೆಲಸಕ್ಕೆ. ಅವರ ಕೆಲಸಕ್ಕೆ ನೀರಿನ ಮೇಲೇ ಹೋಗಬೇಕೆಂದು ನನಗೊಂದು ಹಟ.

ಪೊರ್ಬುಗಳು ನಮ್ಮ ಎದುರು ಫ್ಲ್ಯಾಟಿನಲ್ಲಿದ್ದ ಹಿರಿಯರು. ಕೊಂಕಣಿ ಮಾತಾಡುವ ಕರಾವಳಿಯ ಕ್ರೈಸ್ತರನ್ನು ನಾವು ತುಳುವರು ಪೊರ್ಬುಲು ಎನ್ನುತ್ತೇವೆ. ಅವರಿಗೂ ಅದು ಅಂಕಲ್ ಎನ್ನಿಸಿಕೊಳ್ಳುವುದಕ್ಕಿಂತ ಹಿತವಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಮಗಳು ಐರಿನ್ ಜೊತೆಗಿದ್ದರು. ಅವಳು ಆಸ್ಪತ್ರೆಯಲ್ಲಿ ನರ್ಸು. ಪ್ರಾಯದಲ್ಲಿ ಅವರು ಹಡಗಿನ ಭಂಡಾರಿ, ಅಂದರೆ ಅಡುಗೆಯವರು. ಆಮೇಲೆ ಬಹಳ ಕಾಲ ಕರಾಮದ ಒಂದು ಹೋಟೆಲಿನ ಅಡುಗೆಯವರು. ಕೊನೆಗೆ ಮಗಳ ಮನೆಯಲ್ಲೂ ಅಡುಗೆಯವರೇ. ಐರಿನ್ ಸೌಟು ಮುಟ್ಟಿದರೆ ಅವರಿಗೆ ಸಿಟ್ಟು ಬರುತ್ತಿತ್ತು.

ಆ ಮನೆಯಿಂದ ಯಾರೂ ಖಾಲಿ ಹೊಟ್ಟೆಯಲ್ಲಿ ಹೊರಬೀಳುವಂತಿರಲಿಲ್ಲ. ಅವರ ಬಾಯಲ್ಲಿ ಯಾರೂ 'ಹೋಗು'ತ್ತಲೂ ಇರಲಿಲ್ಲ, ಎಲ್ಲರೂ 'ಇಳಿಯುವವರು'. ಐರಿನ್ ಡ್ಯೂಟಿಗೆ ಇಳಿಯುವಾಗ ಗಂಜಿ, ಎಸಿ ರಿಪೇರಿಯವನು ಇಳಿಯುವಾಗ ಗಂಜಿ. ನಾನು ಶಾಲೆಯಲ್ಲಿ ಸಮಾಜ ಪಾಠ ಮಾಡುವವಳು. ಬೆಳಿಗ್ಗೆ ಲಿಫ್ಟಿಗೆ ಕಾಯುತ್ತಾ ನಿಂತರೆ ಎದುರು ಬಾಗಿಲು ತೆರೆದು ಒಂದು ಸ್ಟೀಲ್ ಲೋಟ ಹೊರಗೆ ಬರುತ್ತಿತ್ತು, ಅದರ ಹಿಂದೆ ಪೊರ್ಬುಗಳು. ಬಸ್ಸು ತಪ್ಪುತ್ತದೆ ಎಂದರೆ, ತಪ್ಪಿದ ಬಸ್ಸು ನಾಳೆಯೂ ಬರುತ್ತದೆ ಎನ್ನುತ್ತಿದ್ದರು. ಅವರ ಕಣ್ಣು ತಪ್ಪಿಸಲು ನಾನು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದದ್ದೂ ಉಂಟು. ಬರಿಗಾಲಲ್ಲಿ ಇಳಿದು ಬರುವ ಟೀಚರನ್ನು ಕೆಳಗಿದ್ದ ವಾಚ್‌ಮನ್ ಬಹಳ ಅನುಮಾನದಿಂದ ನೋಡುತ್ತಿದ್ದ.

ಈ ಗಂಜಿಯ ಹಿಂದೆ ಒಂದು ಹಡಗಿದೆ ಎಂದು ತಿಳಿದದ್ದು ಒಂದು ಮಧ್ಯಾಹ್ನ. ಎರಡು ಪೀರಿಯಡ್‌ನಲ್ಲಿ ಎರಡನೇ ಮಹಾಯುದ್ಧ ಮುಗಿಸಿ, ಸುಸ್ತಾಗಿ ಮನೆಗೆ ಬಂದಿದ್ದೆ. ಯುದ್ಧಕ್ಕೇ ಅಷ್ಟು ಸುಸ್ತಾಗಿರಲಿಕ್ಕಿಲ್ಲ. ಪೊರ್ಬುಗಳ ಹತ್ತಿರ ಹಾಗೆ ಹೇಳಿದಾಗ ಅವರು, ತಾನಿದ್ದ ಹಡಗೂ ಆ ಯುದ್ಧದ್ದೇ ಎಂದರು. ಅಮೆರಿಕದವರು ಕಟ್ಟಿದ್ದು. ಸೈನಿಕರನ್ನು ತುಂಬಿಕೊಂಡು ವೇಗವಾಗಿ ಓಡಿ, ಹಡಗು ನಿಲ್ಲುವ ಧಕ್ಕೆಯೇ ಇಲ್ಲದ ಕಡಲತೀರಗಳಲ್ಲಿ ಅವರನ್ನು ಇಳಿಸುವುದು ಅದರ ಕೆಲಸ. ಅದಕ್ಕೆಂದೇ ಎರಡೂ ಪಕ್ಕಗಳಲ್ಲಿ ದೋಣಿಗಳನ್ನು ನೇತುಹಾಕಿದ್ದರು. ಯುದ್ಧ ಮುಗಿದ ಮೇಲೆ ತೋಪು ತೆಗೆದು ಮಾರಿದರು. ಕೈಯಿಂದ ಕೈಗೆ ದಾಟಿ ಅದು ಬೊಂಬಾಯಿಗೆ ಬಂತು. ಕೆಳಗೆ ಈರುಳ್ಳಿ, ಮೇಲೆ ಕೆಲಸ ಹುಡುಕಿ ಹೊರಟ ನಮ್ಮ ಕಡೆಯ ಗಂಡಸರು. ಆಗ ದುಬೈಯಲ್ಲಿ ದೊಡ್ಡ ಹಡಗು ನಿಲ್ಲುವ ಧಕ್ಕೆ ಇರಲಿಲ್ಲ. ದೂರದಲ್ಲಿ ಲಂಗರು ಹಾಕಿ, ಅದೇ ದೋಣಿಗಳಲ್ಲಿ ಜನರನ್ನು ದಡಕ್ಕೆ ಕಳಿಸುತ್ತಿದ್ದರು. ಹೆದರಿ ಒಣಗಿದ ಆ ಮುಖಗಳನ್ನು ನೋಡಲಾರದೆ ಪೊರ್ಬುಗಳು ದೋಣಿಗಳ ಡೀಸೆಲ್ ಹೊಗೆಯ ನಡುವೆ ಏಣಿಯ ಬಾಯಲ್ಲೇ ಗಂಜಿಯ ಹಂಡೆ ಇಟ್ಟುಕೊಂಡು ನಿಲ್ಲುತ್ತಿದ್ದರಂತೆ. ಉಂಡವನೇ ಏಣಿ ಇಳಿಯಬೇಕು. ಕಪ್ತಾನ ತಡವಾಯಿತೆಂದು ಕೂಗಿದರೂ ಅವರು ಕೇಳುತ್ತಿರಲಿಲ್ಲ.

ಹಡಗಿನ ಗಂಟೆಯ ಮೇಲೆ ಅದರ ಮೊದಲ ಹೆಸರು ಕೆತ್ತಿತ್ತು, ಉಜ್ಜಿ ಉಜ್ಜಿ ಅವರಿಗೆ ಅದು ಬಾಯಿಪಾಠವಾಗಿತ್ತು. ನಾನು ಆ ಹೆಸರನ್ನು ಮೊಬೈಲಿನಲ್ಲಿ ಹುಡುಕಿದೆ. ಸಿಕ್ಕಿಬಿಟ್ಟಿತು. ನಮಗೆಲ್ಲ ಸರ್ವಿಸ್ ಇರುವಂತೆ ಹಡಗಿಗೂ ಒಂದು ಸೇವಾ ಚರಿತ್ರೆ: ನೀರಿಗಿಳಿದದ್ದು, ಯಾವ ದ್ವೀಪದಲ್ಲಿ ಸೈನಿಕರನ್ನು ಇಳಿಸಿದ್ದು, ಯಾವಾಗ ಪೆಟ್ಟು ತಿಂದದ್ದು, ಯಾರು ಕೊಂಡದ್ದು, ಎಲ್ಲಾ. ನನಗೆ ನಿಧಿ ಸಿಕ್ಕಿದಷ್ಟು ಸಂತೋಷ. ಆ ವಾರದಿಂದ ಮಧ್ಯಾಹ್ನದ ಚಹಾದ ಹೊತ್ತಿಗೆ ನಾನು ಒಂದೊಂದು ಭಾಗ ಓದಿ ಕನ್ನಡದಲ್ಲಿ ಹೇಳುವುದು, ಅವರು ಈರುಳ್ಳಿ ಹೆಚ್ಚುತ್ತಾ ಕೇಳುವುದು ನಡೆಯಿತು.

ಅತಿವೇಗದ ಸಾಗಣೆ ಹಡಗು ಎಂದು ಓದಿದಾಗ ಅವರು ಚೂರಿ ಕೆಳಗಿಟ್ಟು ನಕ್ಕರು. ಅವರ ಕಾಲಕ್ಕೆ ಇಂಜಿನ್ ಅರ್ಧ ಸತ್ತಿತ್ತಂತೆ. ಮೀನಿನ ದೋಣಿಯವರು ಹಿಂದೆ ಹಾಕಿ ಹೋಗುವಾಗ ಕೈಬೀಸುತ್ತಿದ್ದರಂತೆ. ಸೈನಿಕರನ್ನು ಇಳಿಸುವ ದಿನ ಬೆಳಕು ಹರಿಯುವ ಮೊದಲೇ ಹೊಟ್ಟೆ ತುಂಬ ಊಟ ಕೊಡುತ್ತಿದ್ದರು ಎಂಬ ಮಾತೂ ಅದರಲ್ಲಿತ್ತು. ಅಲ್ಲಿ ಅವರು ನನ್ನನ್ನು ನಿಲ್ಲಿಸಿದರು. ಎಂತ ಕೊಡುತ್ತಿದ್ದರು ಎಂದು ಕೇಳಿದರು. ಮಾಂಸ, ಮೊಟ್ಟೆ ಎಂದೆ. ಆ ಬಿಸಿಲಿಗೆ ಗಂಜಿಯೇ ಒಳ್ಳೆಯದಿತ್ತು, ಆದರೂ ಕೊಟ್ಟರಲ್ಲ ಎಂದರು. ತನಗಿಂತ ಮೊದಲು ಅದೇ ಏಣಿಯ ಬಾಯಲ್ಲಿ ಇನ್ನೊಬ್ಬ ಅಡುಗೆಯವನು ನಿಂತಿದ್ದ ಎಂಬುದು ಅವರಿಗೆ ಬಹಳ ಸಮಾಧಾನ ಕೊಟ್ಟಂತೆ ಕಂಡಿತು.

ಆದರೆ ಯುದ್ಧದ ಭಾಗ ಮುಗಿಯುತ್ತಿದ್ದಂತೆ ಅವರು ಬೇರೆಯೇ ಆದರು. ಇವತ್ತಿಗೆ ಸಾಕು ಎನ್ನುವರು. ಮರುದಿನ ಮತ್ತೆ ಮೊದಲಿನಿಂದ ಓದಲು ಹೇಳುವರು. ಒಂದೇ ದ್ವೀಪಕ್ಕೆ ನಾನು ಎಷ್ಟು ಸಲ ಸೈನಿಕರನ್ನು ಇಳಿಸಿದೆನೋ. ಮುದುಕರಿಗೆ ಯುದ್ಧದ ಕತೆಯ ರುಚಿ ಹತ್ತಿದೆ ಎಂದುಕೊಂಡೆ. ನನಗೂ ಅದೇ ಬೇಕಿತ್ತು. ಯಾಕೆಂದರೆ ನಾನು ಕೊನೆಯ ಸಾಲನ್ನು ಆಗಲೇ ಕಳ್ಳತನದಲ್ಲಿ ಓದಿದ್ದೆ. ಹಡಗನ್ನು ಗುಜರಿಗೆ ಮಾರಿ ಒಡೆದುಹಾಕಿದರು ಎಂದಿತ್ತು. ಆ ಕಬ್ಬಿಣವನ್ನು ಇಷ್ಟು ಪ್ರೀತಿಸುವವರಿಗೆ ಅದನ್ನು ಯಾವ ಬಾಯಲ್ಲಿ ಹೇಳುವುದು?

ವಿಷಯ ತಿಳಿದದ್ದು ಐರಿನ್‌ನಿಂದ. ತಂದೆ ಅಂಗಡಿಗೆ ಹೋಗಿದ್ದಾಗ ಅವಳು ನಮ್ಮಲ್ಲಿಗೆ ಬಂದು ಕೂತಳು. ಆ ಹಡಗಿನಲ್ಲಿ ಪೊರ್ಬುಗಳಿಗೆ ಕಾಮಾಲೆಯಾಗಿ, ದುಬೈ ಎದುರಿಗೆ ಲಂಗರು ಹಾಕಿದಾಗ ಅವರನ್ನು ದೋಣಿಯಲ್ಲಿ ಇಳಿಸಿದ್ದರಂತೆ. ಊರಿಗೆ ಮರಳಲು ಕಾಯುತ್ತಿದ್ದ ರತ್ನಾಗಿರಿಯ ಒಬ್ಬ ಯುವಕ, ಅಡುಗೆ ಬರುತ್ತದೆಂದು ಹೇಳಿ, ಅವರ ಬದಲಿಗೆ ಹತ್ತಿದ. ಇವರು ಏಣಿ ಇಳಿಯುವಾಗ ಅವನು ಹತ್ತುತ್ತಿದ್ದ. ಸೌಟು ಎಲ್ಲಿದೆಯೆಂದು ಅವನು ಕೇಳಿದ, ಇವರು ಹೇಳಿದರು. ಅಷ್ಟೇ ಪರಿಚಯ, ಹೆಸರೂ ಗೊತ್ತಿಲ್ಲ. ಆ ಹಡಗು ಮತ್ತೆ ದುಬೈಗೆ ಬರಲಿಲ್ಲ. ಬಿರುಗಾಳಿಗೆ ಸಿಕ್ಕಿ ಎಲ್ಲರೊಂದಿಗೆ ಮುಳುಗಿತು ಎಂದು ಕ್ರೀಕಿನ ಬದಿಯಲ್ಲಿ ಜನ ಮಾತಾಡಿಕೊಂಡರು. ವಿಚಾರಿಸಲು ಪೊರ್ಬುಗಳಿಗೆ ಧೈರ್ಯ ಬರಲಿಲ್ಲ. ಸಾಯಬೇಕಾದ್ದು ತಾನು, ಸತ್ತದ್ದು ಆ ಪರದೇಶಿ ಎಂದು ಮನಸ್ಸಿಗೆ ಹಚ್ಚಿಕೊಂಡುಬಿಟ್ಟರು. ಸತ್ತವರನ್ನು ನೆನೆಯುವ ನವೆಂಬರ್ ತಿಂಗಳಲ್ಲಿ ಪ್ರತಿವರ್ಷ ಇಗರ್ಜಿಯಲ್ಲಿ ಅವನ ಆತ್ಮಕ್ಕಾಗಿ ಒಂದು ಪೂಜೆ ಹೇಳಿಸುತ್ತಾ ಬಂದರು. ನಾವು ತಿಥಿ ಮಾಡುತ್ತೇವಲ್ಲ, ಹಾಗೆ. ಹೆಸರಿನ ಜಾಗದಲ್ಲಿ 'ರತ್ನಾಗಿರಿಯವ' ಎಂದಷ್ಟೇ.

"ಪಪ್ಪನಿಗೆ ಕೇಳ್ಲಿಕ್ಕೂ ಹೆದರಿಕೆ, ಕೇಳದೆ ಇರ್ಲಿಕ್ಕೂ ಆಗುದಿಲ್ಲ ಅಕ್ಕ" ಎಂದಳು ಐರಿನ್.

ನನ್ನ ಬುದ್ಧಿಗೆ ಏನು ಹೇಳಲಿ. ನಾನು ಕೆಟ್ಟ ಸುದ್ದಿ ಎಂದು ಬಚ್ಚಿಟ್ಟುಕೊಂಡದ್ದು ಅವರು ಅಷ್ಟು ವರ್ಷ ಕಾದ ಸುದ್ದಿ. ಪೊರ್ಬುಗಳು ಅಂಗಡಿಯಿಂದ ಬಂದು ಬಾಗಿಲಲ್ಲಿ ಚೀಲ ಇಡುವಷ್ಟರಲ್ಲಿ ನಾನು ಮೊಬೈಲ್ ಹಿಡಿದು ಅವರ ಮನೆಯಲ್ಲಿ ನಿಂತಿದ್ದೆ. ಅವರಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು. ಕುರ್ಚಿ ಎಳೆದು ಕೂತರು.

"ಮುಳುಗಿದ್ದಾ ಟೀಚರೇ?"

ಇಲ್ಲ ಎಂದೆ. ಅವರು ಇಳಿದ ಆ ಪ್ರಯಾಣದ ನಂತರ ಅದನ್ನು ಬೇರೆ ಯಜಮಾನರಿಗೆ ಮಾರಿದ್ದರು, ಹೊಸ ಹೆಸರು ಕೊಟ್ಟು ಬೇರೆ ಕಡಲಿಗೆ ಒಯ್ದಿದ್ದರು, ಆದ್ದರಿಂದಲೇ ದುಬೈಗೆ ಬರಲಿಲ್ಲ. ಮತ್ತೆ ಕೆಲವು ವರ್ಷ ಓಡಿ, ಮುದಿಯಾಗಿ, ಒಡೆಯುವ ಯಾರ್ಡಿಗೆ ಹೋಯಿತು. ಇದನ್ನೆಲ್ಲ ನಿಧಾನವಾಗಿ ಓದಿ ಹೇಳಿದೆ.

"ಒಡೆಯುದು ಖಾಲಿ ಹಡಗನ್ನೇ ಅಲ್ವಾ? ಒಳಗೆ ಯಾರೂ ಇರುದಿಲ್ಲ ಅಲ್ವಾ?"

"ಯಾರೂ ಇರುದಿಲ್ಲ ಪೊರ್ಬುಗಳೇ. ಎಲ್ಲರೂ ಇಳಿದ ಮೇಲೆಯೇ."

ಅವರು ಅತ್ತರು. ನಾನೂ ಅತ್ತೆ, ಐರಿನ್ ಟಿಶ್ಯೂ ಡಬ್ಬ ಹುಡುಕುತ್ತಾ ಅತ್ತಳು. ಆಮೇಲೆ ಪೊರ್ಬುಗಳು ಮುಖ ತೊಳೆದು ಬಂದು ಒಲೆಗೆ ಅಕ್ಕಿ ಇಟ್ಟರು. ಮಧ್ಯಾಹ್ನದ ನಾಲ್ಕು ಗಂಟೆಗೆ ಯಾರಿಗೆ ಗಂಜಿ ಎಂದು ಕೇಳುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ. ಮೂವರೂ ಕೂತು ಉಂಡೆವು.

ಐರಿನ್‌ಗೆ ಮಾತ್ರ ಒಂದು ಚಿಂತೆ. ಇಷ್ಟು ವರ್ಷ ಬದುಕಿದ್ದವನಿಗೆ ಸತ್ತವರ ಪೂಜೆ ಹೇಳಿಸಿದೆವಲ್ಲ, ಅದೆಲ್ಲ ಎಲ್ಲಿ ಹೋಯಿತು ಎಂದಳು. ಪೊರ್ಬುಗಳು ಲೋಟದ ತಳದ ಅಗುಳನ್ನು ಬೆರಳಿನಲ್ಲಿ ಸವರಿ ತೆಗೆಯುತ್ತಿದ್ದವರು ತಲೆಯೆತ್ತಿದರು.

"ಆ ಸೋಲ್ಜರ್‌ಗಳಿಗೆ ಸಿಕ್ಕಿರ್ತದೆ ಬಿಡು. ಉಂಡು ಇಳಿದವರು, ಎಲ್ಲರೂ ವಾಪಸ್ ಬಂದಿರ್ಲಿಕ್ಕಿಲ್ಲ. ಅವರ ಮನೆಯವರಿಗೆ ಇಷ್ಟು ದೂರದಲ್ಲಿ ಒಬ್ಬ ಕುಕ್ ನೆನೆಸ್ತಾನೆ ಅಂತ ಗೊತ್ತುಂಟಾ?"

ಅವರು ಪೂಜೆ ನಿಲ್ಲಿಸಲಿಲ್ಲ. ಮುಂದಿನ ನವೆಂಬರಿನಿಂದ ಮಾತು ಮಾತ್ರ ಬದಲಾಯಿತು: ಉಂಡು ಇಳಿದವರಿಗೆ, ಉಣ್ಣದೆ ಹತ್ತಿದವನಿಗೆ. ಕಾಮಾಲೆಯ ಆ ದಿನ ರತ್ನಾಗಿರಿಯವನಿಗೆ ಏನೂ ಕೊಡಲಾಗಲಿಲ್ಲ ಎಂಬ ಕೊರಗೊಂದು ಅವರಲ್ಲಿ ಕೊನೆತನಕ ಉಳಿಯಿತು. ನಾನೂ ಚಪ್ಪಲಿ ಕೈಯಲ್ಲಿ ಹಿಡಿಯುವುದನ್ನು ಬಿಟ್ಟೆ. ಬಸ್ಸು ಕೆಲವು ಸಲ ತಪ್ಪಿತು, ನಿಜವಾಗಿಯೂ ಮರುದಿನ ಬಂತು.

ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ ಅವರಿಗೆ ಎದೆನೋವು ಬಂತು. ಐರಿನ್ ಮತ್ತು ನನ್ನ ಗಂಡ ಎರಡೂ ಕಡೆಯಿಂದ ಹಿಡಿದು ಲಿಫ್ಟಿನೊಳಗೆ ಕೂರಿಸಿದರು. ಬಾಗಿಲು ಮುಚ್ಚುವ ಮೊದಲು ಅವರು ನನ್ನ ಕಡೆ ನೋಡಿ, ಒಲೆಯ ಮೇಲೆ ಉಂಟು, ಆರುವ ಮೊದಲು ಉಣ್ಣಿ ಎಂದರು. ಮತ್ತೆ ಅವರು ಮೇಲೆ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಗಂಜಿ ಆಗಷ್ಟೇ ಬೆಂದಿತ್ತು. ಯಾರೂ ಬಡಿಸಿಕೊಂಡಿರಲಿಲ್ಲ.

ಅಬ್ರಾ ದಡ ಮುಟ್ಟಿತು. ಈ ಸಲ ಐರಿನ್‌ಗೆ ಡ್ಯೂಟಿ ಬಿಡಿಸಿಕೊಳ್ಳಲಾಗದೆ ನವೆಂಬರಿನ ಪೂಜೆಗೆ ಹೆಸರು ಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಣೆಗೆ ಕುಂಕುಮ ಇಟ್ಟ ನಾನು ಇಗರ್ಜಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತೆ. ಒಳಗಿದ್ದ ಹೆಂಗಸು ನಮ್ಮ ಕಡೆಯವರೇ. ಸತ್ತವರಿಗೋ, ಬದುಕಿರುವವರಿಗೋ ಎಂದು ಕೇಳಿದರು. ಎಲ್ಲರಿಗೂ ಎಂದೆ. ಉಂಡು ಇಳಿದವರಿಗೆ, ಉಣ್ಣದೆ ಹತ್ತಿದವನಿಗೆ ಎಂದು ಪಾಠ ಒಪ್ಪಿಸಿದೆ. ಅವರಿಗೆ ಅಭ್ಯಾಸವಾಗಿರಬೇಕು, ಪ್ರಶ್ನೆ ಮಾಡದೆ ಬರೆದುಕೊಂಡರು. ನಾನು ಕಿಟಕಿ ಬಿಡಲಿಲ್ಲ. ಐರಿನ್ ಹೇಳಿಕಳಿಸದ ಒಂದು ಮಾತು ನನ್ನ ಬಾಯಿಗೆ ಬಂದಿತ್ತು.

"ಉಣ್ಣದೆ ಇಳಿದವರು ಒಬ್ಬರು ಇದ್ದಾರೆ. ಅವರನ್ನೂ ಸೇರಿಸಿ."

ಅವರು ಪೆನ್ನು ನಿಲ್ಲಿಸಿ, ಅದು ಯಾರು ಎಂದರು.

"ಗಂಜಿ ಬೇಯಿಸಿದವರು" ಎಂದೆ.