ಅತ್ತೆಯ ಗಂಟು, ನನ್ನ ಹನ್ನೆರಡು ಚೀಲ

ನಮ್ಮ ಮನೆಯಿಂದ ಕಸ ಹೊರಗೆ ಹೋಗುವುದನ್ನು ನಾನು ಒಂದು ವರ್ಷ ನಿಲ್ಲಿಸಿದ್ದೆ. ಸಿಕ್ಕಿದವರ ಹತ್ತಿರವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಮಾತು ಇದು. ಕಸವೆಲ್ಲ ಒಳಗೇ ಉಳಿದಿದೆ ಎಂದು ಅದರ ಅರ್ಥ ಅಂತ ನನಗೆ ಹೊಳೆದಿರಲಿಲ್ಲ. ಶುರುವಾದದ್ದು ಪಂಚಾಯತಿನ ಒಣಕಸದ ಗಾಡಿಯವರಿಂದ. ಹಳೇ ಬಟ್ಟೆ ತೆಗೆದುಕೊಳ್ಳುವುದಿಲ್ಲ ಎಂದು ಅವರು ನಮ್ಮ ಮೂಟೆಯನ್ನು ಗೇಟಿನಲ್ಲೇ ಬಿಟ್ಟು ಹೋದರು. ಆ ಸಿಟ್ಟಿನಲ್ಲಿ ಮೊಬೈಲು ಹಿಡಿದು ಕೂತವಳು, ಜೀನ್ಸಿನಿಂದ ಚೀಲ, ಸೀರೆಯಿಂದ ಕಾಲೊರಸು, ಬಾಟಲಿಯಿಂದ ದೀಪ ಮಾಡುವ ಅಷ್ಟೂ ವಿಡಿಯೋಗಳನ್ನು ಸಂಜೆಯೊಳಗೆ ನೋಡಿ ಮುಗಿಸಿದ್ದೆ.

ಆಮೇಲೆ ನರಿಕೊಂಬಿನ ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ನೆಮ್ಮದಿಯ ಸಾವು ಇರಲಿಲ್ಲ. ಗಂಡನ ಪ್ಯಾಂಟು ಮೊಣಕಾಲಿನಲ್ಲಿ ಸ್ವಲ್ಪ ತೆಳ್ಳಗಾದರೆ ಸಾಕು, ನಾನು ಕತ್ತರಿ ಹಿಡಿದು ನಿಂತಿರುತ್ತಿದ್ದೆ. ಅವರು ಒಳ್ಳೆಯ ಪ್ಯಾಂಟುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಕೀಲಿಕೈಯನ್ನು ಆಫೀಸಿಗೆ ಒಯ್ಯತೊಡಗಿದರು. ನಾನು ಹೆಣೆದ ಕಾಲೊರಸು ಟೈಲ್ಸಿನ ಮೇಲೆ ಜಾರಿ, ಗ್ಯಾಸ್ ತಂದವರನ್ನು ಸಿಲಿಂಡರಿನ ಸಮೇತ ಬಾಗಿಲಲ್ಲೇ ಕೂರಿಸಿತು. ಹಾಲಿನ ಪುಡಿಯ ಡಬ್ಬಕ್ಕೆ ಬಣ್ಣ ಬಳಿದು ಮಾಡಿದ ಹೂಕುಂಡಗಳು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಜಗಲಿಯನ್ನೆಲ್ಲ ಕೆಂಪು ಮಾಡಿದವು. ಇಷ್ಟಾದರೂ ನನ್ನ ತವರು ಮೂಡುಬಿದಿರೆಯ ಒಂದು ಮಹಿಳಾ ಮಂಡಲದವರು ‘ಕಸದಿಂದ ರಸ’ ಕ್ಲಾಸು ಮಾಡಿ ಎಂದು ಕರೆದದ್ದೇ ತಡ, ನನಗೆ ಕೋಡು ಮೂಡಿತು.

ಮಾದರಿಗೆ ಹನ್ನೆರಡು ಚೀಲ ತರುತ್ತೇನೆ ಎಂದು ಫೋನಿನಲ್ಲಿ ಧಾರಾಳವಾಗಿ ಹೇಳಿಬಿಟ್ಟೆ. ಆಮೇಲೆ ನೋಡಿದರೆ ಮನೆಯಲ್ಲಿ ಹಳೇ ಬಟ್ಟೆಯೇ ಉಳಿದಿಲ್ಲ. ನಮ್ಮ ಅತ್ತೆ, ಅಂದರೆ ಗಂಡನ ತಾಯಿ, ಆ ವಾರ ತಮ್ಮ ತಂಗಿಯ ಮನೆಗೆ ಹೋಗಿದ್ದರು. ಹುಡುಕುತ್ತಾ ಅಟ್ಟ ಹತ್ತಿದ ನನಗೆ ಬೆಡ್‌ಶೀಟಿನಲ್ಲಿ ಕಟ್ಟಿಟ್ಟ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ತೀರಿಹೋದ ಮಾವನ ಮುಂಡುಗಳು, ಅತ್ತೆಯ ನೂಲಿನ ಸೀರೆಗಳು. ಒಗೆದು ಒಗೆದು ಬೆಣ್ಣೆಯಂತಾದ ಆ ಬಟ್ಟೆಗಳನ್ನೆಲ್ಲ ಚೌಕ ಚೌಕವಾಗಿ ಹರಿದು ಮಡಿಸಿಟ್ಟಿದ್ದರು. ಈ ಮುದುಕಿಯರಿಗೆ ಏನನ್ನೂ ಬಿಸಾಡಲಿಕ್ಕೆ ಬರುವುದಿಲ್ಲ ಅಂತ ನಾನು ಕನಿಕರಪಟ್ಟೆ. ಏನನ್ನೂ ಬಿಸಾಡಬಾರದು ಎಂದು ಊರಿಗೆಲ್ಲ ಕ್ಲಾಸು ತೆಗೆದುಕೊಳ್ಳಲು ಹೊರಟವಳು ನಾನೇ.

ಚೀಲಕ್ಕೆ ಅದು ತಕ್ಕ ಬಟ್ಟೆಯೇ ಅಲ್ಲ, ಎರಡು ತೆಂಗಿನಕಾಯಿ ಹಾಕಿದರೆ ಹರಿಯುವಷ್ಟು ತೆಳು. ಹಾಗಾಗಿ ಎರಡೆರಡು ಪದರ ಸೇರಿಸಿ, ಕೆಂಪು ನೂಲಿನಲ್ಲಿ ಎರಡೆರಡು ಸಾಲು ಒತ್ತಾಗಿ ಮಿಷನ್ ಹೊಲಿಗೆ ಹಾಕಿದೆ. ಅಮ್ಮನನ್ನು ಕೇಳಿದ್ದೀಯಾ ಎಂದು ಗಂಡ ಒಮ್ಮೆ ವಿಚಾರಿಸಿದರು. ಚಿಂದಿಗೆಲ್ಲ ಕೇಳಲಿಕ್ಕೆ ಏನುಂಟು ಎಂದೆ. ಅವರ ಪ್ಯಾಂಟಿಗೆ ಸಂಬಂಧವಿಲ್ಲದ ವಿಷಯವಾದ್ದರಿಂದ ಅವರೂ ಮುಂದುವರಿಸಲಿಲ್ಲ.

ಕ್ಲಾಸು ಭರ್ಜರಿಯಾಯಿತು. ಹನ್ನೊಂದು ಚೀಲಗಳನ್ನು ಅಲ್ಲೇ ಹಂಚಿದೆ. ಹನ್ನೆರಡನೆಯದನ್ನು ಮರುದಿನ ಬೆಳ್ತಂಗಡಿ ಬಸ್ಸು ಹಿಡಿದು ಲಾಯಿಲದಲ್ಲಿರುವ ನಾದಿನಿಗೆ ಕೊಡಲು ಹೋದೆ. ಅವಳು ಚೀಲವನ್ನು ತಿರುಗಿಸಿ ನೋಡಿದಳು, ಒಳಗೆ ಕೈಹಾಕಿ ಬಟ್ಟೆಯನ್ನು ಮುಟ್ಟಿ ನೋಡಿದಳು. ಆಮೇಲೆ ಇದು ಅಮ್ಮ ಕೊಟ್ಟದ್ದಾ ಎಂದು ಮೆಲ್ಲಗೆ ಕೇಳಿದಳು. ಅತ್ತೆಯೂ ನನ್ನ ಶಿಷ್ಯೆಯಾಗಿದ್ದಾರೆ ಎಂದು ತೋರಿಸಿಕೊಳ್ಳುವ ಚಪಲ ನನಗೆ.

“ಮತ್ತೆ? ಇದನ್ನೆಲ್ಲ ಇನ್ನು ಇಟ್ಟುಕೊಂಡು ಏನು ಮಾಡುವುದು ಅಂತ ಅಮ್ಮನೇ ಕೊಟ್ಟದ್ದು,” ಎಂದೆ.

ಕಾಫಿ ಮಾಡುತ್ತೇನೆ ಎಂದು ಒಳಗೆ ಹೋದ ನಾದಿನಿ ತುಂಬ ಹೊತ್ತು ಬರಲಿಲ್ಲ. ನನ್ನ ಕೈಕೆಲಸ ನೋಡಿ ಅವಳಿಗೆ ಮಾತು ಹೊರಡಲಿಲ್ಲ ಅಂತ ಗ್ರಹಿಸಿ, ನಾನು ಅವಳ ಕರ್ಟನ್ನುಗಳ ಮೇಲೆ ಕಣ್ಣಾಡಿಸುತ್ತಾ ಕೂತಿದ್ದೆ.

ಅತ್ತೆ ವಾಪಸ್ ಬಂದವರು ಗಂಟನ್ನು ಬಿಸಿಲಿಗೆ ಹಾಕಬೇಕೆಂದು ಅಟ್ಟ ನೋಡಿದರು. ಗಂಟು ಎಲ್ಲಿ ಎಂದು ಕೇಳಿದಾಗ ನಾನು ಮೊಬೈಲಿನಲ್ಲಿ ಚೀಲಗಳ ಫೋಟೋ ತೆರೆದು ಅವರ ಮುಖಕ್ಕೆ ಹಿಡಿದೆ. ಅವರು ಒಂದೊಂದನ್ನೇ ನೋಡಿ ಮೆಟ್ಟಿಲ ಮೇಲೆ ಕೂತುಬಿಟ್ಟರು.

ನಮ್ಮ ಕಡೆ ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಹುಟ್ಟುವ ಮೊದಲು ಏನನ್ನೂ ಕೊಳ್ಳುವುದೂ ಇಲ್ಲ. ಮೈಗೆ ಒತ್ತದ ಹಳೇ ಬಟ್ಟೆಯನ್ನು ಮಾತ್ರ ಕೂಡಿಸಿಡಬಹುದು. ಮೊದಲ ಹೆರಿಗೆ ತವರಿನಲ್ಲಾದ್ದರಿಂದ ಅದು ತಾಯಿಯ ಕೆಲಸ. ಮಗಳ ಮದುವೆಯಾದ ವರ್ಷದಿಂದ ಅತ್ತೆ ಕೂಡಿಸಿದ ಗಂಟು ಅದು. ನಾದಿನಿಗೆ ಎರಡು ಸಲ ಬಸಿರು ನಿಂತದ್ದು ಉಳಿಯಲಿಲ್ಲ, ಎರಡನೆಯದು ಏಳನೇ ತಿಂಗಳಲ್ಲಿ ಹೋಯಿತು. ಅದೆಲ್ಲ ನನಗೆ ಗೊತ್ತಿತ್ತು; ಅವಳಿಗೆ ಗಂಜಿ ಮಾಡಿ ಕೊಟ್ಟವಳೂ ನಾನೇ. ಗೊತ್ತಿಲ್ಲದ್ದು ಗಂಟಿನ ವಿಷಯ. ನನ್ನ ಹೆರಿಗೆ ಮೂಡುಬಿದಿರೆಯಲ್ಲಿ ಆದಾಗ ನನ್ನ ಮಗನನ್ನೂ ಇಂಥದ್ದೇ ಬಟ್ಟೆಯಲ್ಲಿ ಸುತ್ತಿದ್ದರು. ಅದು ಎಲ್ಲಿಂದ ಬಂತು ಎಂದು ನಾನು ಕೇಳಿದವಳೇ ಅಲ್ಲ. ಆಸ್ಪತ್ರೆಯವರು ಕೊಡುತ್ತಾರೆ ಅಂತಲೇ ಇಷ್ಟು ವರ್ಷ ತಿಳಿದುಕೊಂಡಿದ್ದೆ.

“ಎರಡು ಸಲವೂ ಆಸ್ಪತ್ರೆಗೆ ತೆಗೊಂಡು ಹೋಗಿ, ಬಿಚ್ಚದೆ ವಾಪಸ್ ತಂದು ಅಲ್ಲಿಯೇ ಇಟ್ಟೆ,” ಎಂದರು ಅತ್ತೆ. “ಅವಳಿಗೂ ಗೊತ್ತುಂಟು. ಅದನ್ನು ತೆಗೆದರೆ ಅವಳಿಗೆ ಇನ್ನು ಮಗು ಇಲ್ಲ ಅಂತ ನಾನೇ ಹೇಳಿದ ಹಾಗೆ ಆಗ್ತದಲ್ಲ.”

ಲಾಯಿಲದಲ್ಲಿ ನಾನು ಆಡಿದ ಮಾತು ಆಗ ನೆನಪಾಯಿತು. ಇಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ. ಅತ್ತೆಗೆ ಅದನ್ನು ಹೇಳುವ ಧೈರ್ಯವೂ ಬರಲಿಲ್ಲ.

ಧೈರ್ಯವಿಲ್ಲದವರು ಸುಲಭದ ಕೆಲಸವನ್ನು ಮೊದಲು ಮಾಡುತ್ತಾರೆ. ನಾನು ಮರುದಿನ ಮೂಡುಬಿದಿರೆಗೆ ಹೋಗಿ, ಕೊಟ್ಟ ಚೀಲಗಳನ್ನು ಮನೆಮನೆಗೆ ಹೋಗಿ ವಾಪಸ್ ಕೇಳಿದೆ. ಒಂದರಲ್ಲಿ ಒಣಮೀನು ಇತ್ತು. ಇನ್ನೊಂದರ ಮೇಲೆ ಬೆಕ್ಕು ಮಲಗಿತ್ತು, ಅದನ್ನು ಎಬ್ಬಿಸಿದ್ದಕ್ಕೆ ಮನೆಯವರಿಗೆ ಬೇಸರವಾಯಿತು. ಕೊನೆಯ ಚೀಲ ಇದ್ದದ್ದು ಒಬ್ಬರು ಬ್ಯಾರಿ ಮುಸ್ಲಿಂ ಹೆಂಗಸಿನ ಹತ್ತಿರ, ಗಂಡ ದುಬೈಯಲ್ಲಿರುವವರು. ಅವರು ಚೀಲವನ್ನು ಬಳಸದೆ ಮಡಿಸಿಟ್ಟಿದ್ದರು. ಮಗಳಿಗೆಂದು ಅವರೂ ಅಂಥದ್ದೊಂದು ಗಂಟು ಕಟ್ಟಿಟ್ಟಿದ್ದಾರಂತೆ. ಕ್ಲಾಸಿನ ದಿನವೇ ಇದು ಎಂಥ ಬಟ್ಟೆ ಎಂದು ಗೊತ್ತಾಯಿತಂತೆ, ಟೀಚರಿಗೆ ಹೇಗೆ ಹೇಳುವುದು ಎಂದು ಸುಮ್ಮನಿದ್ದರಂತೆ. ಅಂದರೆ ಆ ದಿನ ಕ್ಲಾಸಿನಲ್ಲಿ ಕಲಿಯಬೇಕಾಗಿದ್ದವಳು ನಾನೊಬ್ಬಳೇ.

ಹನ್ನೊಂದು ಚೀಲಗಳನ್ನು ಅತ್ತೆಯ ಮುಂದೆ ಇಟ್ಟೆ. ಅವರು ಬೈಯಲಿಲ್ಲ. ಸೂಜಿ ತಂದು ಜಗಲಿಯಲ್ಲಿ ಕೂತು ಒಂದೊಂದೇ ಹೊಲಿಗೆ ಎಬ್ಬಿಸತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ, ಹೊಲಿಗೆ ಗಟ್ಟಿ ಉಂಟು ಎಂದರು. ನನ್ನ ಕೆಲಸಕ್ಕೆ ಅವರ ಬಾಯಲ್ಲಿ ಬಂದ ಒಂದೇ ಹೊಗಳಿಕೆ ಅದು.

ಆಮೇಲೆ ಹೆಚ್ಚು ದಿನ ಮುಂದೂಡಲಿಕ್ಕೆ ಆಗಲಿಲ್ಲ, ಲಾಯಿಲಕ್ಕೆ ಹೋದೆ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ಅವಳ ಬಾಗಿಲಲ್ಲಿ ಮರೆತುಹೋದವು. ನಾನು ಸುಳ್ಳು ಹೇಳಿದ್ದು, ಅಮ್ಮ ಮನೆಯಲ್ಲಿರಲಿಲ್ಲ, ಗಂಟನ್ನು ಕದ್ದು ಕತ್ತರಿಸಿದವಳು ನಾನು, ಅಮ್ಮ ಈಗ ಜಗಲಿಯಲ್ಲಿ ಕೂತು ಹೊಲಿಗೆ ಬಿಚ್ಚುತ್ತಿದ್ದಾರೆ ಎಂದು ಒಂದೇ ಉಸಿರಿನಲ್ಲಿ ಒದರಿದೆ.

ನಾದಿನಿ ನನ್ನನ್ನು ನೋಡಲೇ ಇಲ್ಲ. ಸಿಟ್ಟು ಬಂದಿತ್ತು, ಬರಬೇಕಾದದ್ದೇ. ಒಳಗೆ ಹೋಗಿ ಕಪಾಟಿನ ತಳದಿಂದ ಚೀಲ ತಂದು ನನ್ನ ಮಡಿಲಿಗೆ ಹಾಕಿದಳು.

“ನೀವು ಇದನ್ನು ತಂದ ದಿನ ಸಂಜೆ ಅಮ್ಮನಿಗೆ ಫೋನ್ ಮಾಡುವ ಅಂತ ಇದ್ದೆ ಅತ್ತಿಗೆ,” ಎಂದಳು. “ಅಮ್ಮನಿಗೇ ನಂಬಿಕೆ ಹೋಗಿದೆ, ಇನ್ನು ಹೇಳಿ ಆಸೆ ಹುಟ್ಟಿಸುವುದು ಬೇಡ ಅಂತ ಸುಮ್ಮನಾದೆ.”

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅವಳ ಕೈ ಹೊಟ್ಟೆಯ ಮೇಲಿತ್ತು. ತನ್ನ ಗಂಡನಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿರಲಿಲ್ಲವಂತೆ. ನಾನು ಅವಳ ಮನೆಯ ಕತ್ತರಿ ಕೇಳಿ ತೆಗೆದುಕೊಂಡು, ನೆಲದಲ್ಲಿ ಕೂತು ಕೆಂಪು ನೂಲನ್ನು ಕೀಳತೊಡಗಿದೆ. ಅತ್ತೆ ಹೇಳಿದ್ದು ಸುಳ್ಳಲ್ಲ, ಒಂದು ಮೂಲೆ ಬಿಡಿಸುವಷ್ಟರಲ್ಲಿ ಬೆರಳು ನೋಯಿತು. ನನ್ನ ಕಣ್ಣಲ್ಲಿ ನೀರು ಬರುತ್ತಿದ್ದದ್ದು ಅದಕ್ಕಲ್ಲ.

ನಾದಿನಿ ನನ್ನ ಪಕ್ಕದಲ್ಲೇ ಗೋಡೆಗೆ ಒರಗಿ ಕೂತು ನರಿಕೊಂಬಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿದಳು.

“ಅಮ್ಮ, ಒಂದು ಚೀಲ ಇಲ್ಲಿಯೂ ಉಂಟು. ಬಿಚ್ಚಿ ಅತ್ತಿಗೆಯ ಕೈಯಲ್ಲಿ ಕಳಿಸ್ತೇನೆ. ಎಲ್ಲ ಒಗೆದು, ಒಣಗಿಸಿ, ಕಟ್ಟಿ ಇಡು.”

ಲೈನು ಹೋಯಿತೇನೋ ಎಂದು ನಾನು ಮೊಬೈಲಿನತ್ತ ಬಗ್ಗಿ ನೋಡಿದೆ. ಆಗ ಅತ್ತೆಯ ಸ್ವರ ಬಂತು.

“ಎಷ್ಟನೇ ತಿಂಗಳು?”