ಒಂಬತ್ತನೇ ನಂಬರಿನ ಬಕೆಟ್ಟು

ಬೆಳಗಿನ ಜಾವ ನಾಲ್ಕೂವರೆ. ಹಿರೋಷಿಮಾ ಕೊಲ್ಲಿಯ ಈ ಪುಟ್ಟ ದ್ವೀಪದಲ್ಲಿ ದೋಣಿಕಟ್ಟೆಯ ಪಕ್ಕದ ತಗಡಿನ ಶೆಡ್ಡಿಗೆ ಮಾತ್ರ ಎಚ್ಚರ. ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ ಲುವಾ ಸಮುದ್ರದ ಸಿಂಪಿಗಳ ಗುಡ್ಡೆಯ ಮುಂದೆ ನಿಂತಿದ್ದಾರೆ. ಎಡಗೈಗೆ ಒಂದು ಸಿಂಪಿ ಬರುತ್ತದೆ, ಬಲಗೈಯ ಗಿಡ್ಡ ಚಾಕು ಚಿಪ್ಪಿನ ಸಂದಿಗೆ ನುಗ್ಗುತ್ತದೆ, ಮಣಿಕಟ್ಟು ಒಮ್ಮೆ ತಿರುಗುತ್ತದೆ, ಬೆಳ್ಳನೆಯ ತಿರುಳು ಬಕೆಟ್ಟಿಗೆ ಜಾರುತ್ತದೆ. ಏಳು ಸೆಕೆಂಡು, ಅಷ್ಟೆ. ಮಧ್ಯಾಹ್ನದೊಳಗೆ ಹೀಗೆ ಎರಡೂವರೆ ಸಾವಿರ ಸಿಂಪಿ. ನೋಡುತ್ತ ನಿಂತರೆ ಕಣ್ಣು ಮಿಟುಕಿಸಲೂ ಮನಸ್ಸಾಗುವುದಿಲ್ಲ.

ಚಾಕುವಿನ ಮೊನೆ ಕೂದಲೆಳೆಯಷ್ಟು ತಪ್ಪಿದರೂ ತಿರುಳಿನ ಅಂಚು ಹರಿದು ರಸ ಸೋರುತ್ತದೆ. ಅಂಥ ಮಾಲನ್ನು ಪೇಟೆಯವರು ವಾಪಸ್ ಕಳಿಸುತ್ತಾರೆ. ಅದಕ್ಕೇ ಇಲ್ಲಿ ಪ್ರತಿಯೊಬ್ಬರ ಬಕೆಟ್ಟಿಗೂ ನಂಬರು. ಲುವಾ ಅವರದು ಒಂಬತ್ತು. ಪಕ್ಕದ ಎಂಟನೇ ನಂಬರು ಹತ್ಸು ಅಜ್ಜಿಯದು. ಅಜ್ಜಿಗೆ ಎಪ್ಪತ್ತೊಂಬತ್ತು, ಅದರಲ್ಲಿ ಐವತ್ತು ವರ್ಷ ಕಳೆದದ್ದು ಇದೇ ಶೆಡ್ಡಿನಲ್ಲಿ.

ಲುವಾ ವಿಯೆಟ್ನಾಮಿನಿಂದ ಬಂದು ಆರು ವರ್ಷವಾಯಿತು. ಮೀನುಗಾರರ ಮನೆಯ ಮಗಳಾದರೂ ಸಿಂಪಿ ಬಿಡಿಸಿ ಗೊತ್ತಿರಲಿಲ್ಲ. ಮೊದಲ ವಾರ ಅಂಗೈ ತುಂಬ ಗಾಯ. ಕಲಿಸಿದ್ದು ಹತ್ಸು ಅಜ್ಜಿ, ಅದೂ ಬೈದು ಬೈದು. “ಮೂಲಂಗಿ ಹೆಚ್ತಿದೀಯೇನೇ? ಚಾಕು ತಳ್ಳಬೇಡ, ದಾರಿ ಅದೇ ಹುಡುಕ್ಕೊಳ್ಳುತ್ತೆ.” ಆ ಬೈಗುಳ ಇವತ್ತಿಗೂ ನಿಂತಿಲ್ಲ. ವಿಯೆಟ್ನಾಮಿನಲ್ಲಿ ತಮ್ಮ ತಾಯಿಯ ಹತ್ತಿರ ಬಿಟ್ಟು ಬಂದ, ಈಗ ಹತ್ತು ವರ್ಷದ ಮಗಳನ್ನು ಕರೆಸಿಕೊಳ್ಳಬೇಕೆಂದು ಲುವಾ ದೊಡ್ಡ ಪರೀಕ್ಷೆಗೆ ಓದುತ್ತಿದ್ದಾರೆ; ಪಾಸಾದವರಿಗಷ್ಟೇ ಮನೆಯವರನ್ನು ಕರೆತರಲು ಅನುಮತಿ. ಮಾಲೀಕರು ಮುಂದುವರಿಸಿಕೊಡಬೇಕಾದ ಕೆಲಸದ ಕಾಗದ ಒಮ್ಮೆ ತಪ್ಪಿದರೆ ಆ ದಾರಿಯೂ ಮುಚ್ಚುತ್ತದೆ.

ಕಳೆದ ಚಳಿಗಾಲದಲ್ಲಿ ಅದು ಇನ್ನೇನು ಮುಚ್ಚಿಯೇಬಿಟ್ಟಿತ್ತು. ಪೇಟೆಯಿಂದ ಮೇಲಿಂದ ಮೇಲೆ ಮಾಲು ವಾಪಸ್ ಬಂತು. ಹರಿದ ತಿರುಳೆಲ್ಲ ಒಂಬತ್ತನೇ ಬಕೆಟ್ಟಿನದು. ಅದೇ ವಾರ ಮನೆಮನೆಯ ಅಂಚೆ ಡಬ್ಬಿಗೆ ಒಂದು ಚೀಟಿ ಬಿದ್ದಿತ್ತು: ನಮ್ಮ ಮಕ್ಕಳ ಅನ್ನ ಹೊರಗಿನವರ ಪಾಲಾಗುತ್ತಿದೆ ಎಂದು. ಊರಿನವರ ಭಯವೇನೂ ಸುಳ್ಳಲ್ಲ. ಮೀನಿನ ಕಾರ್ಖಾನೆ ಮುಚ್ಚಿ ಮೂರು ವರ್ಷ, ಐವತ್ತು ದಾಟಿದ ಗಂಡಸರು ಮನೆಯಲ್ಲಿದ್ದಾರೆ, ಅಕ್ಕಿಯ ಬೆಲೆ ಕೇಳುವಂತಿಲ್ಲ. ಆದರೆ ‘ಸಿಂಪಿ ಬಿಡಿಸುವವರು ಬೇಕು’ ಎಂಬ ಬೋರ್ಡು ಎರಡು ವರ್ಷ ಬಿಸಿಲಿಗೆ ಬಣ್ಣಗೆಟ್ಟರೂ ಊರಿನ ಒಬ್ಬರೂ ಬಂದು ವಿಚಾರಿಸಿರಲಿಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ.

ಹೊರಗಿನವರ ಕೈಗೆ ಚಾಕು ಕೊಟ್ಟರೆ ಹೀಗೇ ಎಂದು ಊರು ಆಡಿಕೊಂಡಿತು. ವಸಂತಕ್ಕೆ ಕಾಗದ ಮುಂದುವರಿಸಲಾರೆ ಎಂದು ಮಾಲೀಕ ಕುರಾಮೊಚಿ ತಲೆ ತಗ್ಗಿಸಿಕೊಂಡು ಹೇಳಿದರು. ಅಲ್ಲಿಯವರೆಗೆ ಕಣ್ಣೆದುರಿಗಿರಲಿ ಎಂದು ಲುವಾ ಅವರನ್ನು ತಮ್ಮ ಮೇಜಿನ ಹತ್ತಿರ, ಶೆಡ್ಡಿನ ಆ ತುದಿಗೆ ನಿಲ್ಲಿಸಿದರು.

ಮೂರೇ ದಿನ. ಒಂಬತ್ತರಲ್ಲಿ ಹರಿದದ್ದು ಒಂದೂ ಇಲ್ಲ, ಎಂಟರಲ್ಲಿ ರಾಶಿ.

ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಅವರು ಕೆಡಿಸಿದ್ದನ್ನೆಲ್ಲ ಲುವಾ ಸದ್ದಿಲ್ಲದೆ ತಮ್ಮ ಬಕೆಟ್ಟಿಗೆ ಹಾಕಿಕೊಳ್ಳುತ್ತ ಬಂದಿದ್ದರು, ಮಗಳ ದಾರಿ ಮುಚ್ಚುತ್ತದೆಂದು ಗೊತ್ತಿದ್ದೂ. ಇದು ಗೊತ್ತಾದ ಮೇಲೆ ನಾಲ್ಕು ದಿನ ನಿದ್ದೆ ಬರಲಿಲ್ಲ ಎನ್ನುತ್ತಾರೆ ಕುರಾಮೊಚಿ. ಯಾಕೆ ಬಾಯಿ ಬಿಡಲಿಲ್ಲ ಎಂದರೆ ಲುವಾ ಚಾಕು ಒರೆಸಿಕೊಳ್ಳುತ್ತಾರೆ. “ಹೇಳಿದ್ರೆ ಅವರನ್ನ ಮನೇಲಿ ಕೂರಿಸ್ತಿದ್ರು. ಮನೇಲಿ ಕೂತವರು ವರ್ಷ ತುಂಬೋದ್ರಲ್ಲಿ ಹಾಸಿಗೆ ಹಿಡಿದದ್ದು ಇದೇ ಬೀದೀಲಿ ನೋಡಿದೀನಿ. ದಿನಾ ರಾತ್ರಿ, ನಾಳೆ ಹೇಳಿಬಿಡೋಣ ಅಂತಾನೇ ಮಲಗ್ತಿದ್ದೆ. ಬೆಳಿಗ್ಗೆ ಅವರ ಮುಖ ನೋಡಿದ್ರೆ ಆಗ್ತಿರ್ಲಿಲ್ಲ.”

ಆ ಭಾನುವಾರ ಕೇರಿಯ ಸಭೆಗೆ ಹತ್ಸು ಅಜ್ಜಿ ಎಂಟನೇ ಬಕೆಟ್ಟನ್ನೇ ಹೊತ್ತು ಹೋದರು. ಚೀಟಿ ಬರೆದವರೂ ಕೂತಿದ್ದ ಮೇಜಿನ ಮೇಲೆ ಅದನ್ನು ಇಟ್ಟರು.

“ನೋಡಿ, ಇದನ್ನ ಹರಿದದ್ದು ಈ ಊರಲ್ಲೇ ಹುಟ್ಟಿದ ಕೈ.”

ಯಾರೂ ಕ್ಷಮೆ ಕೇಳಲಿಲ್ಲ. ಮಾರನೆಯ ದಿನ ಲುವಾ ಅವರ ಬಾಗಿಲ ಹಿಡಿಗೆ ಒಂದು ಚೀಲ ಕಿತ್ತಳೆ ನೇತಾಡುತ್ತಿತ್ತು, ಇಟ್ಟವರ ಹೆಸರಿರಲಿಲ್ಲ. ಚೀಟಿಗಳು ಈಗಲೂ ಆಗಾಗ ಬೀಳುತ್ತವೆ. ಲುವಾ ಅವರ ಕಾಗದ ಮುಂದುವರಿದಿದೆ, ಪರೀಕ್ಷೆ ಬರುವ ತಿಂಗಳು. ಅಜ್ಜಿ ಕಣ್ಣಿನ ಆಪರೇಷನ್ ಮುಗಿಸಿಕೊಂಡು ಬಂದು ಮತ್ತೆ ಬೈಯುತ್ತಿದ್ದಾರೆ.

ಶೆಡ್ಡಿನಲ್ಲಿ ಒಂದು ಪದ್ಧತಿಯಿದೆ. ಒಲೆಯ ಹತ್ತಿರದ ಬೆಚ್ಚನೆಯ ಜಾಗ ಎಲ್ಲರಿಗಿಂತ ಹಿರಿಯಳದು, ಆಕೆ ಕೆಲಸ ಬಿಡುವವರೆಗೂ. ತನ್ನ ನಂತರ ಅಲ್ಲಿ ಯಾರು ನಿಲ್ಲಬೇಕೆಂದು ಆಕೆಯೇ ಹೇಳಬೇಕು. ಇದುವರೆಗೆ ಹೊರಗಿನಿಂದ ಬಂದವರಿಗೆ ಅದು ಸಿಕ್ಕಿಲ್ಲ. ಈಗ ಆ ಜಾಗದಲ್ಲಿರುವ ಹತ್ಸು ಅಜ್ಜಿ ಈ ಸಲ ಎಲ್ಲರೆದುರು ಲುವಾ ಅವರ ಹೆಸರು ಹೇಳಿಬಿಟ್ಟಿದ್ದಾರೆ.

ಆ ಜಾಗದ ಮೇಲೆ ಆಸೆಯಿದೆಯೇ ಎಂದು ಕೇಳಿದರೆ ಲುವಾ ಸಿಂಪಿಯಿಂದ ಕಣ್ಣೆತ್ತುವುದಿಲ್ಲ.

“ಇಲ್ಲದೆ ಏನು? ಆದ್ರೆ ಇನ್ನೂ ಹತ್ತು ವರ್ಷ ಅದು ನಂಗೆ ಸಿಗದೇ ಇರ್ಲಿ.”