ಕಿಟಕಿಯ ಮೇಲಿನ ಲೋಟ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹತ್ತಿರ ನಾನೂ ನಮ್ಮಣ್ಣನೂ ಕಾಫಿ ಅಂಗಡಿ ತೆರೆದದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಚಿಕೋರಿ ಬೆರೆಸಬಾರದು ಎಂಬುದು ನನ್ನ ಹಟ. ರೇಷ್ಮೆಗೂಡನ್ನು ಬೆರಳಲ್ಲಿ ಒತ್ತಿಯೇ ಒಳ್ಳೆಯದು ಕೆಟ್ಟದ್ದು ಹೇಳಬಲ್ಲ ಜನ, ಕಾಫಿ ಮಾತ್ರ ಕಪ್ಪಗಿದ್ದರೆ ಸಾಕು ಎನ್ನುತ್ತಿದ್ದರು. ನನ್ನದನ್ನು ಕುಡಿದು, "ಏನಪ್ಪಾ, ನೀರು ಕೊಟ್ಟಿದೀಯ?" ಎಂದು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಇಡೀ ಊರಿಗೆ ಕಾಫಿ ಕುಡಿಯುವುದನ್ನು ಕಲಿಸಿಯೇ ತೀರುತ್ತೇನೆ ಎಂದು ಹೊರಟವನು ನಾನು!

ನನಗೋ ಬೀಜ ಹುರಿಯಲೇ ಬರುತ್ತಿರಲಿಲ್ಲ. ಕಲಿಸಿದವರು ದಿಬ್ಬೂರಹಳ್ಳಿ ಕಡೆಯ ಒಬ್ಬ ಮೇಷ್ಟ್ರು. ಊರಾಚೆಯ ಕೇರಿಯವರು, ಮನೆಮಂದಿಯೆಲ್ಲ ಬೌದ್ಧರಾಗಿದ್ದರು. ಅವರ ಅಪ್ಪ ಅಮ್ಮ ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಕೂಲಿಗಿದ್ದವರು. ಮೇಷ್ಟ್ರು ಬೆಳಿಗ್ಗೆ ಸ್ಕೂಲಿಗೆ ಮುಂಚೆ ಬಂದು, ನಮ್ಮ ಹಿತ್ತಲಲ್ಲಿ ತಾವೇ ಹುರಿದು, ಚಟಪಟ ಸದ್ದಿಗೆ ಕಿವಿ ಕೊಟ್ಟು, "ಸಾಕು, ಇಳಿಸಪ್ಪ" ಎನ್ನುತ್ತಿದ್ದರು. ಅವರಿಲ್ಲದಿದ್ದರೆ ಅಂಗಡಿ ಆಗಲೇ ಮುಚ್ಚಿಹೋಗುತ್ತಿತ್ತು.

ಆಮೇಲೆ ಅವರಿಗೊಂದು ಕಾಫಿ. ಉಳಿದವರಿಗೆಲ್ಲ ಸ್ಟೀಲ್ ಲೋಟ, ಅವರಿಗೆ ಮಾತ್ರ ಅಣ್ಣ ಗಾಜಿನ ಲೋಟದಲ್ಲಿ ಕೊಡುತ್ತಿದ್ದ. ಕುಡಿದು ತಾವೇ ತೊಳೆದು ಹಿಂದಿನ ಕಿಟಕಿಯ ಮೇಲೆ ಇಡುತ್ತಿದ್ದರು. ಬಣ್ಣ ನೋಡಲು ಗಾಜು ಎಂದುಕೊಂಡೆ. "ರುಚಿ ಬಲ್ಲವರು ಗಾಜಲ್ಲೇ ಕುಡಿಯೋದು" ಎಂದು ಗಿರಾಕಿಗಳ ಮುಂದೆ ಜಂಬವನ್ನೂ ಕೊಚ್ಚಿದೆ.

ಅದನ್ನು ನಂಬಿ ಒಂದು ಬೆಳಿಗ್ಗೆ ನೂಲು ತೆಗೆಸುವ ಸಾಹುಕಾರರೊಬ್ಬರು, "ನಂಗೂ ಗಾಜಲ್ಲೇ ಕೊಡಪ್ಪ, ನೋಡಣ" ಎಂದರು. ಅಂಗಡಿಯಲ್ಲಿದ್ದದ್ದು ಅದೊಂದೇ ಗಾಜಿನ ಲೋಟ. ಕಿಟಕಿಯಿಂದ ತಂದು ಕಾಫಿ ತುಂಬಿಸಿ ಕೊಟ್ಟೆ. ಅವರ ತುಟಿಗೆ ತಾಗುವ ಮುಂಚೆ ಅಣ್ಣ ಗಲ್ಲಾ ಬಿಟ್ಟು ಓಡಿಬಂದು ಕಿತ್ತುಕೊಂಡ.

"ಯಾರ ಲೋಟನೋ ಅದು! ಬುದ್ಧಿ ಐತೇನೋ ನಿಂಗೆ?"

ಕಾಫಿಯನ್ನು ಮೋರಿಗೆ ಸುರಿದ. ಮೇಷ್ಟ್ರು ಇನ್ನೂ ಹೋಗಿರಲಿಲ್ಲ, ಬೆಂಚಿನ ಮೇಲೆ ಪೇಪರ್ ಓದುತ್ತಿದ್ದರು. ಮಡಿಸಿಟ್ಟು ಎದ್ದರು. ಅಣ್ಣನ ಕಡೆ ತಿರುಗಲೂ ಇಲ್ಲ, ನನ್ನನ್ನೇ ನೋಡಿದರು.

"ಬೀಜ ಹುರಿದಿದ್ದೂ ನಾನೇ ಅಲ್ವೇನಪ್ಪ? ಫಿಲ್ಟರಲ್ಲಿ ಇರೋದನ್ನೂ ಚೆಲ್ಲಿಬಿಡಿ."

ಹೋದವರು ಮತ್ತೆ ಬರಲಿಲ್ಲ. ಹೋಗಿ ಕರೆಯಲು ನನಗೆ ಮುಖವಿರಲಿಲ್ಲ.

ಅಣ್ಣನನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ. ಆದರೆ ನನಗೆ ನಿಜವಾಗಿ ಗೊತ್ತಿರಲಿಲ್ಲವೇ? ಕೇರಿಯವರಿಗೆಂದು ಬೇರೆ ಇಟ್ಟ ಲೋಟಗಳನ್ನು ಚಿಕ್ಕಂದಿನಿಂದ ಹಳ್ಳಿ ಹೋಟೆಲುಗಳಲ್ಲಿ ಕಂಡೇ ಬೆಳೆದವನು ನಾನು. ಗೊತ್ತಿಲ್ಲದಂತಿರುವುದು ಅನುಕೂಲವಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಥೂ ನನ್ನ ಜನ್ಮಕ್ಕೆ.

ಅವತ್ತು ಅಣ್ಣ ಫಿಲ್ಟರ್ ಕಡೆ ಒಮ್ಮೆ ನೋಡಿದ, ನನ್ನ ಕಡೆ ಒಮ್ಮೆ ನೋಡಿದ. ಚೆಲ್ಲಲಿಲ್ಲ. ಸಾಹುಕಾರರು ಅದನ್ನೇ ಸ್ಟೀಲ್ ಲೋಟದಲ್ಲಿ ಕುಡಿದು "ಚೆನ್ನಾಗೈತೆ" ಎಂದರು. ಮಧ್ಯಾಹ್ನದವರೆಗೆ ಅದೇ ಡಿಕಾಕ್ಷನ್ ಮಾರಿದೆವು. ಹಾಲು ಬೆರೆಸಿ ಕೊಟ್ಟವನು ನಾನೇ.